ಮುಂಜಾನೆಯ ಸಹಿ

ಮಕ್ತಲ್ ಹೊರಗಿನ ಶೇಂಗಾ ಕಿತ್ತ ಹೊಲಕ್ಕೆ ಮಧ್ಯಾಹ್ನದ ಹೊತ್ತಿಗೆ ಮಿರ್ಚಿ ಬಜ್ಜಿ ಬಂಡಿಯೂ ಬಂದಿತ್ತು. ತರಬೇತಿ ಶಾಲೆಯ ಪುಟ್ಟ ವಿಮಾನ ಮುಂದಿನ ಗಾಲಿ ಮುರಿದು ಮೂಗು ಊರಿ ನಿಂತಿತ್ತು. ಜನ ರೆಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹುಡುಗಿ ಓಡಿಸಿದರೆ ಇನ್ನೇನಾಗುತ್ತದೆ ಎಂದು ಯಾರೋ ಅಂದಾಗ ಹಲವರು ನಕ್ಕರು.

ಆ ಹುಡುಗಿ ಹರಿತಾ, ಕೋಸಗಿಯವಳು, ಕೈಗೆ ಪಟ್ಟಿ ಕಟ್ಟಿಕೊಂಡು ಬದುವಿನ ಮೇಲೆ ಕೂತಿದ್ದಳು. ಎಂಜಿನ್ ಎರಡು ಸಲ ಕೆಮ್ಮಿದಂತೆ ಮಾಡಿ ನಿಂತುಹೋಯಿತು, ಹೊಲ ನೋಡಿ ಇಳಿಸಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಶಾಲೆಯಿಂದ ಬಂದ ಮೆಕ್ಯಾನಿಕ್ ಶೇಖರ್‌ಗೆ ಅವಳ ಮುಖ ನೋಡಲಾಗಲಿಲ್ಲ.

ದಿನಾ ಮುಂಜಾನೆ ಟ್ಯಾಂಕಿನ ತಳದಿಂದ ಗಾಜಿನ ಲೋಟಕ್ಕೆ ಒಂದಿಷ್ಟು ಪೆಟ್ರೋಲ್ ಇಳಿಸಿ, ನೀರು ಸೇರಿದೆಯೇ ಎಂದು ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುವುದು ಅವನ ಕೆಲಸ. ಮೊದಲ ಹಾರಾಟಕ್ಕೆ ತಡವಾಗದಿರಲೆಂದು ಶಾಲೆಯಲ್ಲಿ ಆ ಸಹಿಯನ್ನು ಹಿಂದಿನ ಸಂಜೆಯೇ ಹಾಕಿಬಿಡುವ ರೂಢಿಯಿತ್ತು. ನಿನ್ನೆ ಅವನೂ ಹಾಕಿದ್ದ. ಆಮೇಲೆ ಜೋರು ಮಳೆಯಾಯಿತು. ಬೆಳಿಗ್ಗೆ ಹರಿತಾ ಲೋಟ ಕೇಳಿದಾಗ, ನೋಡೀನಿ, ಹೋಗು ಎಂದಿದ್ದ.

ಶಾಲೆಯ ಎಂಜಿನಿಯರ್ ಚಂದ್ರಕಾಂತ್ ಅವನನ್ನು ಪಕ್ಕಕ್ಕೆ ಕರೆದ. "ನಾಳೆ ತನಿಖೆಯವರು ಬರ್ತಾರ. ಅಷ್ಟರಾಗ ಟ್ಯಾಂಕ್ ಖಾಲಿ ಮಾಡು. ಜನ ಬೀಡಿ ಸೇದಾಕತ್ಯಾರ, ಬೆಂಕಿ ಹತ್ತೀತಂತ ತೆಗದೀವಿ ಅನ್ನೋಣ."

"ಆಕಿ ಗತಿ ಏನ್ರೀ ಸರ್?"

"ಗಾಬರಿ ಆದಳು ಅಂತ ಬರೀತಾರ. ಹೆಚ್ಚಂದ್ರ ಮನಿಗೆ ಕಳಸ್ತಾರ. ಶಾಲಿ ಮುಚ್ಚಿದ್ರ ನಲವತ್ತು ಮಂದಿ ಹೊಟ್ಟಿ ಮ್ಯಾಲೆ ಬರ್ತೈತಿ. ನಿಂದೂ ಅದ್ರಾಗ ಐತಿ."

ಅದೂ ಸುಳ್ಳಲ್ಲ. ಶೇಖರ್ ಲೋಟ ಹಿಡಿದು ರೆಕ್ಕೆಯ ಕೆಳಗೆ ಕೂತ. ಆಚೆ ಕುರಿ ಕಾಯುವ ಆಶಪ್ಪ ನಕ್ಕವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ.

"ನನ್ನ ಕುರಿ ಕಂಡು ಪಕ್ಕಕ್ಕ ತಿರುಗಿಸಿದಳು. ಗಾಬರಿ ಆದಾಕಿಗೆ ಅದು ಆಗ್ತಿತ್ತೇನ್ರೋ?"

ಚಂದ್ರಕಾಂತ್ ಹರಿತಾಳ ಹತ್ತಿರ ಹೋಗಿ ಏನೋ ಕೇಳಿದ. ಅವಳ ಸಣ್ಣ ದನಿ ಶೇಖರ್‌ಗೂ ಕೇಳಿಸಿತು. "ಶೇಖರಣ್ಣ ನೋಡಿದ್ದ ಸರ್. ನಂದೇ ಏನೋ ತಪ್ಪಾಗಿರಬೇಕು."

ಲೋಟದಲ್ಲಿ ವಿಮಾನದ ತಿಳಿನೀಲಿ ಪೆಟ್ರೋಲಿನ ಕೆಳಗೆ ಎರಡು ಬೆರಳು ನೀರು ಬಣ್ಣವಿಲ್ಲದೆ ನಿಂತಿತ್ತು. ಶೇಖರ್ ಟ್ಯಾಂಕಿನ ತಳದ ತಿರುಪು ಬಿಗಿದ. ಟ್ಯಾಂಕಿನಲ್ಲಿ ಉಳಿದದ್ದು ಉಳಿಯಿತು. ಲೋಟವನ್ನು ತುಳುಕದಂತೆ ತಂದು ಎಲ್ಲರ ಎದುರೇ ಹರಿತಾಳ ಕೈಗೆ ಕೊಟ್ಟ.

"ತಪ್ಪು ನಿಂದಲ್ಲ, ತಂಗಿ. ನಾ ನೋಡಿರಲಿಲ್ಲ."

ಚಂದ್ರಕಾಂತ್ ಅವನ ಹೆಸರು ಹಿಡಿದು ಕೂಗಿದ. ಶೇಖರ್ ಶಾಲೆಯ ಜೀಪಿನಿಂದ ರಿಜಿಸ್ಟರ್ ತಂದು ಆ ದಿನದ ಪುಟ ತೆರೆದ. ತನ್ನ ಸಹಿಯ ಕೆಳಗೆ, ಇದು ನಿನ್ನೆ ಸಂಜೆ ಹಾಕಿದ್ದು ಎಂದು ಬರೆದು, ಮತ್ತೆ ಸಹಿ ಮಾಡಿದ. ಈ ಸಲ ಗಡಿಯಾರ ನೋಡಿ ವೇಳೆ ಹಾಕಿದ.