ಅಂಗಿಯ ವಾಸನೆ

ಗಂಡನ ಬಲಗೈಯನ್ನು ಎರಡೂ ಕೈಗಳಿಂದ ಎತ್ತಿ ಆಕೆ ಮುಖದ ಹತ್ತಿರಕ್ಕೆ ತಂದುಕೊಂಡಳು. ಗೋಡೆಗೊರಗಿ ಕುಳಿತಿದ್ದ ನಾದಿನಿ ಅದನ್ನು ಕಂಡು, "ಅಯ್ಯೋ ಅತ್ತಿಗೆ, ಕೊನೇ ಸಲ ಮುತ್ತು ಕೊಡ್ತಿದ್ದೀರಲ್ಲಾ!" ಎಂದು ಗೊಳೋ ಎಂದು ಅತ್ತಳು.

ಮುತ್ತೂ ಇಲ್ಲ, ಗಿತ್ತೂ ಇಲ್ಲ. ಆಕೆ ಮೂಸುತ್ತಿದ್ದಳು. ತೋರುಬೆರಳು, ನಡುಬೆರಳು, ಅವೆರಡರ ನಡುವಿನ ಸಂದು. ಆಸ್ಪತ್ರೆಯ ಸಾಬೂನಿನ ಹೊರತು ಬೇರೆ ವಾಸನೆ ಸಿಗಲಿಲ್ಲ. ತೊಳೆದುಬಿಟ್ಟಿದ್ದಾರೆ ಎಂದುಕೊಂಡು ಕೈಯನ್ನು ಮತ್ತೆ ಅವರ ಎದೆಯ ಮೇಲಿಟ್ಟಳು.

ಬೆಳಗಿನಿಂದ ಆಕೆಯ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಯಾರಿಗಾಗಿ ಅಳಬೇಕೆಂಬುದೇ ಇತ್ಯರ್ಥವಾಗಿರಲಿಲ್ಲ. ಜಪ್ತಿ ವಿಭಾಗದ ಇನ್ಸ್‌ಪೆಕ್ಟರೆಂದು ಅಂಗಡಿಯವರೆಲ್ಲ ಹೆದರುತ್ತಿದ್ದ ಮನುಷ್ಯನಿಗಾಗಿಯೋ, ಅಥವಾ ಸರ್ಕಾರ ನಿಷೇಧಿಸಿದ ಹೊಗೆಸೊಪ್ಪನ್ನು ಊರವರ ಕೈಯಿಂದ ಕಿತ್ತು ತಂದು, ತಾನೇ ಕದ್ದು ಸೇದಿ, ಹೆಂಡತಿಯ ಮೇಲೆ ಸುಳ್ಳಾಣೆ ಇಟ್ಟು ಹೋದವನಿಗಾಗಿಯೋ? ಅಂಥ ಕೆಲಸಕ್ಕೆ ಜೊತೆಗಾರನೊಬ್ಬ ಇದ್ದೇ ಇರಬೇಕು. ಇದ್ದರೆ ಇವತ್ತು ಬಂದೇ ಬರುತ್ತಾನೆ. ಹಾಗಾಗಿ ಆಕೆ ಬಂದವರ ಕಣ್ಣೀರನ್ನು ಬಿಟ್ಟು ತುಟಿಗಳನ್ನೂ ಉಗುರುಗಳನ್ನೂ ನೋಡುತ್ತ ಕುಳಿತಿದ್ದಳು.

ಬಾಗಿಲ ಬಳಿ ಆಕೆಯ ತಮ್ಮ ಪಕ್ಕದ ಮನೆಯ ಟೈಲರಿಗೆ ಹೇಳುತ್ತಿದ್ದ: "ನಿಷೇಧ ಅಂತ ಮಾಡಿ ಸರ್ಕಾರ ಏನು ಕಡಿದು ಗುಡ್ಡೆ ಹಾಕ್ತು? ಮುಂಬಾಗಿಲಲ್ಲಿ ಮಾರ್ತಿದ್ದದ್ದು ಹಿಂಬಾಗಿಲಿಗೆ ಹೋಯ್ತು, ಅಷ್ಟೆ. ಭಾವ ಸುಮ್ನೆ ಮೈ ಸವೆಸಿದ್ರು."

"ಹಿಂಬಾಗಿಲು ಎಲ್ಲಿದೆ ಅಂತ ನಿನಗೆ ಚೆನ್ನಾಗೇ ಗೊತ್ತಿರೋ ಹಾಗಿದೆ" ಎಂದ ಟೈಲರು.

"ಇರ್ಲಿ ಬಿಡಿ. ನಾನು ಏನು ಸೇದಬೇಕು ಏನು ಬಿಡಬೇಕು ಅಂತ ಹೇಳೋಕೆ ಸರ್ಕಾರ ಏನು ನಮ್ಮಪ್ಪನಾ?"

ನಾದಿನಿ ಸೆರಗಿನಿಂದ ಮೂಗೊರೆಸಿಕೊಂಡು ತಿರುಗಿದಳು. "ನಮ್ಮ ಯಜಮಾನ್ರು ಅಪ್ಪನ ಮಾತೂ ಕೇಳ್ಲಿಲ್ಲ, ನನ್ನ ಮಾತೂ ಕೇಳ್ಲಿಲ್ಲ. ಅಂಗಡೀಲಿ ಸಿಗದೆ ಹೋದ್ಮೇಲೆ ತಾನೆ ಬಿಟ್ಟಿದ್ದು? ಈಗ ನೋಡು, ಉಸಿರು ಕಟ್ಟದೆ ಮೆಟ್ಟಿಲು ಹತ್ತಿ ಬಂದ್ರು."

"ಅವರು ಬಿಟ್ಟಿದ್ದು ನಿಮ್ಮ ಬಾಯಿಗೆ ಹೆದರಿ, ಅಕ್ಕಾ."

ಯಾರೋ ನಗುವನ್ನು ಕೆಮ್ಮಿನಲ್ಲಿ ಅಡಗಿಸಿದರು. ಆಕೆ ತಮ್ಮನ ಬೆರಳುಗಳನ್ನು ನೋಡಿದಳು. ಹಳದಿ. ಆದರೆ ಇವನಿಗೂ ಗಂಡನಿಗೂ ಎಂದಿನಿಂದಲೂ ಎಣ್ಣೆ ಸೀಗೆಕಾಯಿ. ಇವನಲ್ಲ.

* * *

ನಿಷೇಧ ಜಾರಿಗೆ ಬಂದ ವರ್ಷವೇ ಅವರಿಗೆ ಆ ವಿಭಾಗಕ್ಕೆ ವರ್ಗವಾಯಿತು. ಆಮೇಲೆ ಕೆಲವು ಸಂಜೆ ಅವರು ಬಾಗಿಲು ದಾಟುವ ಮೊದಲೇ ಅಂಗಿಯ ಘಾಟು ಒಳಗೆ ಬರುತ್ತಿತ್ತು.

"ಇದೇನ್ರೀ ಈ ವಾಸನೆ?"

"ಕಚೇರಿಯದ್ದು ಕಣೆ."

"ಕಚೇರಿ ಸಿಗರೇಟು ಸೇದುತ್ತೇನು?"

"ಅದೆಲ್ಲ ನಿನಗ್ಯಾಕೆ?" ಎಂದು ಅವರು ಬಚ್ಚಲಿಗೆ ನಡೆಯುತ್ತಿದ್ದರು. ಮುಚ್ಚಿಡಲು ಏನೂ ಇಲ್ಲದವನು ಮಾತು ಮುರಿಯುತ್ತಾನೆಯೇ? ಆಕೆ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಹಾಕುತ್ತಿದ್ದಳು.

ಕೆಮ್ಮು ಹತ್ತಿತು. ಡಾಕ್ಟರು ಎಕ್ಸರೇ ಎತ್ತಿ ಹಿಡಿದು, "ಎಷ್ಟು ವರ್ಷದ ಅಭ್ಯಾಸ?" ಎಂದು ಕೇಳಿದರು.

"ಒಂದು ದಿನವೂ ಬಾಯಿಗಿಟ್ಟವನಲ್ಲ."

ಡಾಕ್ಟರು ಆಕೆಯ ಕಡೆ ನೋಡಿ ನಸುನಕ್ಕರು. ಆ ನಗು ಆಕೆಗೆ ಸಾಕಾಗಿತ್ತು.

ಕೊನೆಯ ವಾರ ಅವರು ಹಾಸಿಗೆಯಿಂದ ಕೈಚಾಚಿ, "ನಿನ್ನಾಣೆಗೂ ಇಲ್ಲ ಕಣೆ" ಎಂದಾಗ, "ಹೋಗೋ ಹೊತ್ತಲ್ಲೂ ಸುಳ್ಳಾ?" ಎಂದು ಆಕೆ ಗೋಡೆಯ ಕಡೆ ತಿರುಗಿದ್ದಳು. ಆಮೇಲೆ ಅವರು ನೀರನ್ನೂ ನರ್ಸಿನ ಹತ್ತಿರವೇ ಕೇಳಿದರು.

* * *

ಶವ ಒಯ್ಯುವ ಗಾಡಿ ಬಂದು ನಿಂತಿತು. ಅದರ ಹಿಂದೆಯೇ, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಯ ಮುದಿ ಜವಾನ ಒಳಗೆ ಬಂದ. ಕೈಮುಗಿಯುವಷ್ಟರಲ್ಲಿ ಕೆಮ್ಮು ಅವನನ್ನು ಬಗ್ಗಿಸಿತು. ಥೇಟ್ ಗಂಡನದ್ದರಂತೆಯೇ ಸಣ್ಣಗೆ ಶುರುವಾಗಿ ಬಟ್ಟೆ ಹರಿದಂತೆ ಮುಗಿಯುವ ಕೆಮ್ಮು. ಆಕೆ ಎದ್ದು ನಿಂತಳು.

"ಈ ಕೆಮ್ಮು ಯಾವಾಗಿಂದ?"

"ಸಾಹೇಬ್ರದ್ದು ಶುರುವಾದಾಗ್ಲೇ ತಾಯೀ."

"ಹಾಗಾದ್ರೆ ನೀವೇ. ಜಪ್ತಿ ಮಾಲನ್ನ ಇಬ್ರೂ ಕೂತು ಸೇದ್ತಿದ್ರಿ."

ಜವಾನ ಬಾಯಿ ತೆರೆದು ನಿಂತ. "ಸೇದೋದಾ? ಸಾಹೇಬ್ರಾ? ಸುಡ್ತಿದ್ವಿ ತಾಯೀ! ಹಿಡಿದು ತಂದದ್ದನ್ನೆಲ್ಲ ಕಚೇರಿ ಹಿಂದಿನ ಗುಂಡಿಗೆ ಸುರಿದು ಬೆಂಕಿ ಹಚ್ತಿದ್ವಿ. ಯಾವತ್ತು ಸುಡ್ತೀವಿ ಅಂತ ಮನೇಲೂ ಹೇಳೋ ಹಾಗಿರ್ಲಿಲ್ಲ. ಸುದ್ದಿ ಸಿಕ್ರೆ ಕದಿಯೋಕೆ ಗೋಡೆ ಹಾರಿ ಬರ್ತಾರೆ. ಮನೇಲಿ ಹೇಳಿದ್ರೆ..." ಅವನ ಕಣ್ಣು ಆಕೆಯ ತಮ್ಮನ ಮೇಲೆ ಬಿದ್ದು ಕೆಳಗಿಳಿಯಿತು. ತಮ್ಮ ಕೈಗಳನ್ನು ಜೇಬಿಗೆ ಹಾಕಿಕೊಂಡ.

"ದೂರ ನಿಂತು ಸುಡೋಕೆ ಏನಾಗಿತ್ತು?"

"ನಾವೂ ಅದನ್ನೇ ಹೇಳ್ತಿದ್ವಿ. ಅವರು ಯಾರನ್ನ ನಂಬ್ತಿದ್ರು ಹೇಳಿ? ನಮ್ಮವರೇ ಹೊಗೆಯ ಮರೇಲಿ ಕಟ್ಟು ಎಳ್ಕೊಳ್ತಾರೆ ಅಂತ, ಗಾಳಿ ಹೊಗೆಯನ್ನ ಯಾವ ಕಡೆ ತಳ್ಳುತ್ತೋ ಆ ಕಡೆಗೇ ಹೋಗಿ ನಿಲ್ತಿದ್ರು. ಎಲ್ಲ ಬೂದಿ ಆಗೋವರೆಗೂ. ಅವರನ್ನ ಬಿಟ್ಟು ನಾನು ಹೇಗೆ ಈಚೆ ನಿಲ್ಲಲಿ?"

"ಕಚೇರಿಯವರು ಚೆನ್ನಾಗಿ ಪಾಠ ಹೇಳಿಕೊಟ್ಟು ಕಳಿಸಿದ್ದಾರೆ" ಎಂದಳು ಆಕೆ. ಆದರೆ ದನಿ ಕುಗ್ಗಿತ್ತು. "ಎಲ್ಲಿ, ಹೇಗೆ ನಿಲ್ತಿದ್ರು? ತೋರಿಸಿ."

ಜವಾನ ಅಂಗಳಕ್ಕಿಳಿದ. ಟೋಪಿಯನ್ನು ಗಾಡಿಯ ಮೆಟ್ಟಿಲ ಮೇಲಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿ ಎತ್ತಿ, ಎಡಗಣ್ಣು ಮುಚ್ಚಿ, ಕತ್ತನ್ನು ಕೊಕ್ಕರೆಯಂತೆ ಮುಂದಕ್ಕೆ ಚಾಚಿದ.

ಒಲೆಯ ಮೇಲಿನ ಹಾಲು ಉಕ್ಕೀತೆಂದು ಅವರು ಕಾಯುತ್ತಿದ್ದುದು ಹೀಗೆಯೇ. ಆ ಭಂಗಿಯನ್ನು ಯಾವ ಕಚೇರಿಯೂ ಯಾರಿಗೂ ಕಲಿಸಲಾರದು.

ಆಕೆ ಮೆಟ್ಟಿಲಿಳಿದು ಹೋದಳು. ಗಾಡಿಯ ಚಾಲಕ ಹಾರ್ನಿನಿಂದ ಕೈ ತೆಗೆದ. ಅಂಗಳದಲ್ಲಿ ಬೆಂಕಿಯಿರಲಿಲ್ಲ, ಹೊಗೆಯಿರಲಿಲ್ಲ. ಮಧ್ಯಾಹ್ನದ ಬಿಸಿಲು ಮಾತ್ರ ಇತ್ತು. ಆಕೆ ಜವಾನನ ಮೊಳಕೈಯನ್ನು ಎರಡೂ ಕೈಗಳಿಂದ ಹಿಡಿದು, "ಈ ಕಡೆ ಬನ್ರೀ... ಅಲ್ಲಿ ನಿಲ್ಲಬೇಡಿ, ಈ ಕಡೆ ಬನ್ರೀ" ಎಂದು ಗಾಳಿಗೆ ಎದುರಾಗಿ ಎಳೆಯತೊಡಗಿದಳು.