ಗೊತ್ತಾಯ್ತು, ನೋಡ್ತಾ ಇದೀವಿ

ಪಕ್ಕದ ಮನೆಯ ಟೈಲರ್ ಬಂದು ಹಜಾರದ ಕಿಟಕಿಯಲ್ಲಿದ್ದ ರೇಡಿಯೊ ಆರಿಸಿದ ಕೂಡಲೇ ಅಡುಗೆಮನೆಯಿಂದ ಸತ್ತವನ ಹೆಂಡತಿ ಓಡಿಬಂದಳು.

“ಹಾಕಪ್ಪ ಅದನ್ನ!”

“ಸಾವಿನ ಮನೆ ಅಕ್ಕ. ನೋಡಿದೋರು ಏನಂದ್ಕೋತಾರೆ?”

“ಆರಿಸಿದ್ರೆ ಅವರಿಗೆ ಎಚ್ಚರ ಆಗತ್ತೆ.”

ಆಡಿದ ಮಾತು ತನಗೇ ಕೇಳಿಸಿ ಮಂಚದ ಕಡೆ ತಿರುಗಿದಳು. ಟೈಲರ್ ಮತ್ತೆ ಗುಂಡಿ ತಿರುಗಿಸಿದ. ರೇಡಿಯೊದಲ್ಲಿ ದೋಣಿ ಹೊರಡುವ ಹೊತ್ತು ಹೇಳುತ್ತಿದ್ದರು.

ಸತ್ತವನು ಹಜಾರದ ಮಂಚದ ಮೇಲಿದ್ದ. ಊರಿನ ರೇಡಿಯೊ ಕೇಂದ್ರದಲ್ಲಿ ಮೂವತ್ತೆರಡು ವರ್ಷ ಟ್ರಾನ್ಸ್‌ಮಿಟರ್ ನೋಡಿಕೊಂಡು ನಿವೃತ್ತನಾದವನು. ಸದ್ದಿದ್ದರೆ ಮಲಗುತ್ತಿದ್ದ, ಸದ್ದು ನಿಂತರೆ ಏಳುತ್ತಿದ್ದ. ಪ್ರಸಾರ ನಿಂತರೆ ಜನ ಕೇಂದ್ರಕ್ಕಿಂತ ಮೊದಲು ಈ ಮನೆಗೆ ಫೋನ್ ಮಾಡುತ್ತಿದ್ದರು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಅದು ತಪ್ಪಿರಲಿಲ್ಲ. ಅವನದು ಒಂದೇ ಉತ್ತರ: “ಗೊತ್ತಾಯ್ತು, ನೋಡ್ತಾ ಇದೀವಿ.” ಆಮೇಲೆ ತಾನೇ ಕೇಂದ್ರಕ್ಕೆ ಫೋನ್ ಮಾಡಿ ಬೈಯುತ್ತಿದ್ದ.

ಹತ್ತೂವರೆಗೆ ಕೇಂದ್ರದ ಉದ್ಘೋಷಕಿ ಬಂದಳು. ಹೆಣದ ಮುಂದೆ ಒಂದು ನಿಮಿಷ ನಿಂತು, ಮಗಳನ್ನು ಬಾಗಿಲ ಬಳಿ ಕರೆದಳು. ಮಗಳು ಬಸ್ ಓಡಿಸುವವಳು. ಸಾವಿನ ಸುದ್ದಿ ತಿಳಿದು ಖಾಕಿಯಲ್ಲೇ ಬಂದಿದ್ದಳು.

“ಈ ಹೊತ್ತಲ್ಲಿ ಕೇಳಬಾರ್ದು. ಇವತ್ತು ಬಿಟ್ರೆ ಇನ್ನು ಹೊತ್ತಿಲ್ಲ. ಹನ್ನೆರಡಕ್ಕೆ ಸಮಿತಿ ಕೂರತ್ತೆ.”

ವಿಷಯ ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಸರ್ಕಾರ ಕೇಂದ್ರದ ಅನುದಾನ ಕಡಿದಿತ್ತು. ಮುಂದಿನ ತಿಂಗಳಿಂದ ಇಲ್ಲಿಯ ಸುದ್ದಿ, ಹೊಳೆಯ ಮಟ್ಟ, ಕಾಣೆಯಾದವರ ಪ್ರಕಟಣೆ ಎಲ್ಲ ಬಂದ್. ರಾಜಧಾನಿಯವರು ಮಾತಾಡಿದ್ದನ್ನೇ ಇಲ್ಲಿ ಬಿಡುವುದು. ಕೇಳುವವರು ಯಾರೂ ಇಲ್ಲ ಎಂದು ಆದೇಶದಲ್ಲಿ ಬರೆದಿತ್ತು. ಇದು ಬೇಡವೆನ್ನುವವರು ಸ್ಟುಡಿಯೊಗೆ ಬಂದು ಸರ್ಕಾರದ ಸಮಿತಿಯ ಮುಂದೆ ಹೇಳಬಹುದು. ತಲೆಗೆ ಐದು ನಿಮಿಷ, ನೇರ ಪ್ರಸಾರ. ಪಟ್ಟಿಯಲ್ಲಿ ಮೂರನೆಯ ಹೆಸರು ಸತ್ತವನದು.

“ಮನೆಯವರು ಬಂದ್ರೆ ಆ ಐದು ನಿಮಿಷ ಕೊಡ್ತಾರೆ,” ಎಂದಳು ಉದ್ಘೋಷಕಿ.

ಗೋಡೆಗೊರಗಿದ್ದ ಚಿಕ್ಕಪ್ಪನ ಕಿವಿಗೆ ಅದು ಬಿತ್ತು. “ಹೆಣ ಮನೇಲಿಟ್ಕೊಂಡು ಭಾಷಣಕ್ಕೆ ಹೋಗೋದಾ? ನಾಚಿಕೆ ಬೇಡ್ವಾ?”

“ಮಣ್ಣು ಮಾಡೋದು ಮೂರಕ್ಕಲ್ವಾ ಚಿಕ್ಕಪ್ಪ? ಅಲ್ಲೀವರೆಗೂ ಅಪ್ಪ ಎಲ್ಲಿಗೂ ಹೋಗಲ್ಲ,” ಎಂದಳು ಮಗಳು.

ಅಪ್ಪ ಬರೆದಿಟ್ಟಿದ್ದ ಭಾಷಣ ದಿಂಬಿನ ಕೆಳಗೆ ಸಿಕ್ಕಿತು. ನಾಲ್ಕು ಹಾಳೆ. ವಾಲ್ವು, ಆಂಟೆನಾ, ಕಿಲೋವ್ಯಾಟು. ಜನ ಎಂಬ ಪದ ಒಂದು ಕಡೆಯೂ ಇರಲಿಲ್ಲ.

“ಇದನ್ನ ಓದಿದ್ರೆ ಸಮಿತಿಯೋರು ಅಲ್ಲೇ ಹಾಸಿಗೆ ಕೇಳ್ತಾರೆ,” ಎಂದಳು ಉದ್ಘೋಷಕಿ.

“ನಂಗೂ ಮಾತು ಬರಲ್ಲ ಅಕ್ಕ. ಟಿಕೆಟ್ ತಗೊಳ್ಳಿ ಅನ್ನೋದೂ ಕಂಡಕ್ಟರ್ ಕೆಲಸ.”

“ಏನಾದ್ರೂ ಹೇಳು. ಗಟ್ಟಿಯಾಗಿ ಹೇಳು. ಸ್ಟುಡಿಯೊ ಬಾಗಿಲು ಸರಿಯಾಗಿ ಮುಚ್ಚಲ್ಲ, ರಿಪೇರಿಗೆ ಬರೆದು ಎರಡು ವರ್ಷ ಆಯ್ತು. ಪಕ್ಕದ ರೂಮಲ್ಲಿ ಫೋನ್ ಬಡ್ಕೊಂಡ್ರೆ ಅದೂ ಪ್ರಸಾರ ಆಗತ್ತೆ.”

ಹಾಳೆ ಮಡಿಸುತ್ತಿದ್ದ ಮಗಳ ಕೈ ನಿಂತಿತು. ರೇಡಿಯೊ ಕಡೆ ನೋಡಿದಳು. ಹಾಳೆಗಳನ್ನು ಮತ್ತೆ ದಿಂಬಿನ ಕೆಳಗೇ ತುರುಕಿದಳು.

“ನಡೀರಿ.”

*

ಮಗಳಿಗೆ ಆಗ ಎಂಟು ವರ್ಷ. ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದ್ದ. ಬಾಯಿಪಾಠ ತಲೆಗೆ ಹತ್ತದೆ ಸಿಟ್ಟು ಬಂದು ಅವಳು ರೇಡಿಯೊ ಆರಿಸಿದಳು. ಅಪ್ಪ ಚಂಗನೆ ಎದ್ದ. ಕಣ್ಣು ಪೂರ್ತಿ ಬಿಡುವ ಮೊದಲೇ ಬನಿಯನ್-ಚಡ್ಡಿಯಲ್ಲಿ ಸೈಕಲ್ ಹತ್ತಿ ಹೋಗಿಯೇಬಿಟ್ಟ. ಕೇಂದ್ರದಲ್ಲಿ ಸುದ್ದಿ ಓದುತ್ತಿದ್ದವರು ಗಾಜಿನಾಚೆ ಅವನನ್ನು ಕಂಡು, ತಡೆಯಲಾರದೆ ಸಾವಿನ ಸುದ್ದಿಯೊಂದನ್ನು ನಗುತ್ತಾ ಓದಿದರಂತೆ.

ಹೊಡೆತ ಗ್ಯಾರಂಟಿ ಎಂದು ಅವಳು ಕಪಾಟಿನ ಹಿಂದೆ ಅಡಗಿದ್ದಳು. ಅಪ್ಪ ಬಂದು ಬೆವರು ಒರೆಸಿಕೊಂಡ.

“ರೇಡಿಯೊ ಮಾತಾಡ್ತಿದ್ರೆ ಯಾರೂ ತಿರುಗಿ ನೋಡಲ್ಲ ಕಣೇ. ಸುಮ್ಮನಾಗ್ಲಿ, ಆಗ ನೋಡು ಎಷ್ಟು ಜನ ಕಿವಿ ಕೊಟ್ಟಿದ್ರು ಅಂತ.”

ಆಮೇಲೆ ಮತ್ತೆ ಮಲಗಿದ.

*

ಹನ್ನೆರಡು ದಾಟಿತ್ತು. ಹೆಂಡತಿ ಮಂಚದ ಪಕ್ಕ ಕುಳಿತಿದ್ದಳು. ಬಂದವರೆಲ್ಲ ಕಿಟಕಿಯ ಕಡೆ ಕಿವಿಯಿಟ್ಟಿದ್ದರು. ಮೊದಲು ಮೇಷ್ಟ್ರು ಮಾತಾಡಿದರು; ಐದು ನಿಮಿಷ ಅವರಿಗೆ ಪೀಠಿಕೆಗೇ ಸಾಲಲಿಲ್ಲ. ಆಮೇಲೆ ಬೇಕರಿಯವನು ಅತ್ತ. ಆಮೇಲೆ ಮಗಳ ದನಿ.

“ನಾನು ಬಸ್ ಓಡಿಸೋಳು. ನಮ್ಮಪ್ಪನ ಐದು ನಿಮಿಷ ನಂಗೆ ಕೊಟ್ಟಿದೀರಿ.”

ಅಷ್ಟೇ. ದನಿ ನಿಂತಿತು.

ಟೈಲರ್ ಕಾದ. ರೇಡಿಯೊ ಬೆನ್ನಿಗೆ ಎರಡು ತಟ್ಟಿದ. “ಸೆಲ್ ಹೋಯ್ತಾ?”

“ಬಾಯಿ ಕಟ್ಟಿರತ್ತೆ. ಬೇಡ ಅಂದ್ರೆ ಕೇಳಿದ್ಲಾ?” ಎಂದ ಚಿಕ್ಕಪ್ಪ.

ಹೆಂಡತಿ ರೇಡಿಯೊ ಕಡೆ ನೋಡಲಿಲ್ಲ. ಗಂಡನ ರೆಪ್ಪೆ ನೋಡುತ್ತಿದ್ದಳು. ಹತ್ತು ಎಣಿಸುವಷ್ಟು ಹೊತ್ತು ನೋಡಿದಳು. ಅವನು ಏಳಲಿಲ್ಲ. ಸೆರಗು ಬಾಯಿಗೆ ಹೋಯಿತು.

ಆಗ ಮೂಲೆಯ ಫೋನು ಹೊಡೆದುಕೊಂಡಿತು.

ಅವಳೇ ಎದ್ದು ಎತ್ತಿದಳು. ಆಚೆ ದೋಣಿಯವನು. “ಅಣ್ಣ ಇದಾರಾ? ರೇಡಿಯೊ ನಿಂತೋಯ್ತಲ್ಲ, ಏನಾಯ್ತಂತೆ?”

ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡಳು. “ಗೊತ್ತಾಯ್ತು. ನೋಡ್ತಾ ಇದೀವಿ.”

ಇಟ್ಟಳು. ಮತ್ತೆ ಹೊಡೆದುಕೊಂಡಿತು. ಈ ಸಲ ಆಸ್ಪತ್ರೆಯ ನರ್ಸು.

ಅಷ್ಟರಲ್ಲಿ ರೇಡಿಯೊದಲ್ಲೂ, ಎಲ್ಲೋ ಬಾಗಿಲಾಚೆ ಎಂಬಂತೆ, ಒಂದು ಫೋನು ಸಣ್ಣಗೆ ಬಾರಿಸತೊಡಗಿತು. ಅದರ ಮೇಲೆ ಇನ್ನೊಂದು. ಯಾರೋ ಕೆಮ್ಮಿದರು. ಗಂಡಸಿನ ದನಿಯೊಂದು ಗದರಿತು: “ಆ ಫೋನ್ ಯಾರಾದ್ರೂ ಎತ್ತ್ರೀ!”

“ನೀವೇ ಎತ್ತಿ ಸಾರ್,” ಎಂದಳು ಮಗಳು. “ಯಾರೂ ಕೇಳಲ್ಲ ಅಂತ ಬರೆದಿದ್ರಲ್ಲ, ಆ ಕೇಳದೋರೇ ಮಾಡ್ತಿರೋದು. ಅಪ್ಪಂದು ಇನ್ನೂ ಮೂರು ನಿಮಿಷ ಇದೆ.”

ಮತ್ತೆ ಸುಮ್ಮನಾದಳು.

ಚಿಕ್ಕಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತ. ಟೈಲರ್ ರೇಡಿಯೊದ ದನಿ ಪೂರ್ತಿ ಏರಿಸಿದ. ಮನೆಯ ಫೋನು, ಕೇಂದ್ರದ ಫೋನುಗಳು ಒಂದರ ಮೇಲೊಂದು ಬಿದ್ದು ಹಜಾರವೆಲ್ಲ ಗಂಟೆಯಾಯಿತು. ಅದರ ನಡುವೆ ಮಂಚದ ಮೇಲಿನವನು ನಿಶ್ಚಿಂತೆಯಾಗಿ ಮಲಗಿದ್ದ.

“ಗೊತ್ತಾಯ್ತು, ನೋಡ್ತಾ ಇದೀವಿ,” ಎಂದು ಹೆಂಡತಿ ರಿಸೀವರ್ ಇಟ್ಟಳು. ಕೈ ಇನ್ನೂ ತೆಗೆದಿರಲಿಲ್ಲ, ಅಂಗೈ ಕೆಳಗೆ ಅದು ಮತ್ತೆ ನಡುಗಿತು.