ಅನುಭವ: ನಿಲ್

ಎರಡನೆಯ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದಾಗ ನಜ್ಮಾಳ ಫೋನು ರಿಂಗಾಯಿತು. ಎರಡೂ ಕೈಗೆ ಹಿಟ್ಟು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

"ಖಾಲಾ," ಅಂದಳು ಸುಮಯ್ಯಾ. ಅಕ್ಕ ಕುಲ್ಸುಮಬಿಯ ಮಗಳು, ಏಳನೆಯ ತರಗತಿಯ ಹುಡುಗಿ. ಇಷ್ಟು ಬೆಳಿಗ್ಗೆ ಎಂದೂ ಫೋನು ಮಾಡಿದವಳಲ್ಲ. "ಅಮ್ಮಿ ಏಳವಲ್ಲಳು."

"ದಣದಾಳ ಬೇಟಾ. ಮಲಗಲಿ ಬಿಡು."

"ಅಬ್ಬಾ ಎಬ್ಬಿಸಿದ್ರು. ಬಾಜೂ ಮನಿ ಶಾರದವ್ವ ಎಬ್ಬಿಸಿದ್ಲು. ನರ್ಸಬಾಯಿ ಬಂದು ಕೈ ಹಿಡದು ನೋಡಿ ಹೋದ್ರು. ನೀ ಬಾ."

ರೊಟ್ಟಿ ಹತ್ತಿ ಹೊಗೆ ಎದ್ದಿತು. ಗಂಡ ಬಚ್ಚಲಿನಿಂದ ಓಡಿ ಬಂದು ಒಲೆ ಆರಿಸಿದ. ನಜ್ಮಾ ಕೈ ತೊಳೆಯುವುದನ್ನೂ ಮರೆತು ಬೈಕಿನ ಹಿಂದೆ ಕುಳಿತಳು. ಹಾವೇರಿ ದಾಟಿ ಅಕ್ಕನ ಊರು ಕರ್ಜಗಿಯ ದಾರಿ ಹಿಡಿದಾಗ ಎರಡೂ ಬದಿಗೆ ಹತ್ತಿಯ ಹೊಲ. ಗಿಡಗಳ ತುಂಬ ಕೆಂಪು ಕಾಗದದ ಚೂರುಗಳು. ನಿನ್ನೆ ಸಂಜೆ ಹೆಂಗಸರು ಸುಲಿದಿಟ್ಟ ಮೊಗ್ಗಿಗೆ ಗುರುತು ಅದು. ಇವತ್ತು ಬೆಳಿಗ್ಗೆ ಅದಕ್ಕೆ ಗಂಡುಹೂವಿನ ಪುಡಿ ತಾಗಿಸಬೇಕು, ಇಲ್ಲದಿದ್ದರೆ ಉದುರಿಹೋಗುತ್ತದೆ. ಅದರಲ್ಲಿ ಯಾವ ಸಾಲು ಅಕ್ಕನದೋ ಎಂದುಕೊಂಡಳು. ಬೆರಳ ಸಂದಿಯ ಹಿಟ್ಟು ಒಣಗಿ ಚರ್ಮ ಜಗ್ಗುತ್ತಿತ್ತು.

ಕರ್ಜಗಿಯ ಮನೆಯ ಹಿತ್ತಿಲಲ್ಲಿ ಚಾದರ ಅಡ್ಡ ಕಟ್ಟಿ ಕುಲ್ಸುಮಬಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನಜ್ಮಾ ತಂಬಿಗೆಯಿಂದ ನೀರು ಹಾಕಿಕೊಟ್ಟಳು. ಅಕ್ಕನ ಮೈ ಎಷ್ಟು ಸಣ್ಣದಾಗಿತ್ತೆಂದು ಸೀರೆಯ ಮೇಲಿನಿಂದ ಎಂದೂ ಗೊತ್ತಾಗಿರಲಿಲ್ಲ.

"ಈ ಉಗುರಷ್ಟು ಕತ್ತರಿಸಿ ಕಳಸ್ರಿ," ಅಂದಳು ಕುಲ್ಸುಮಬಿಯ ನಾದಿನಿ ಬೇನಜೀರ. "ಹೆಬ್ಬೆರಳಿಂದು ಒಂದ ನೋಡ್ರಿ, ಹದ್ದಿನ ಉಗುರು ಆಗೇತಿ."

ಸ್ನಾನ ಮಾಡಿಸುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ. "ಮಯ್ಯತ್ತಿನ ಉಗುರಿಗೆ ಕತ್ತರಿ ಹಚ್ಚೂದಿಲ್ಲವ್ವ. ಇದ್ದಂಗ ಹೋಗಬೇಕು."

ನಜ್ಮಾ ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಬಲಗೈ ಹೆಬ್ಬೆರಳಿನ ಉಗುರು ಕಾಲು ಇಂಚು ಬೆಳೆದು, ತುದಿಯಲ್ಲಿ ದುಂಡಗೆ ಸವೆದು, ಹಳದಿಯಾಗಿತ್ತು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಿ, ಅದರ ಬುಡಕ್ಕೆ ಈ ಉಗುರು ಊರಿ ಒಂದು ಸುತ್ತು ತಿರುಗಿಸಿದರೆ ಎಸಳೂ ಪುಡಿಯ ಕೊಳವೆಯೂ ಒಟ್ಟಿಗೆ ಟೋಪಿಯ ಹಾಗೆ ಕಳಚಿ ಬರಬೇಕು. ಒಳಗಿನ ಎಳೆ ಕಡ್ಡಿಗೆ ಗೀರು ತಾಗಬಾರದು. ತಾಗಿದರೆ ಕಾಯಿ ಕಟ್ಟುವುದಿಲ್ಲ. ಮಿಶ್ರತಳಿ ಬೀಜದ ಕಂಪನಿಯವರು ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಕುಲ್ಸುಮಬಿ ಇದನ್ನು ಇಪ್ಪತ್ತೆರಡು ವರ್ಷ ಮಾಡಿದ್ದಳು.

ಚಾದರದ ಆಚೆ ಸುಮಯ್ಯಾ ನಿಂತಿದ್ದಳು. ಪಂಚಾಯ್ತಿಯಲ್ಲಿ ಸಾವು ಬರೆಸಲು ಹೆಂಡತಿಯ ಆಧಾರ್ ಕಾರ್ಡು ಬೇಕೆಂದು ಅವಳ ಅಬ್ಬಾ ಮೌಲಾಸಾಬ ಹೇಳಿದ್ದ. ಟ್ರಂಕಿನಿಂದ ಕಾರ್ಡಿನ ಪ್ಲಾಸ್ಟಿಕ್ ಚೀಲ ತೆಗೆದು ಕೊಟ್ಟಿದ್ದಳು. ಅದರೊಳಗೆ ಸಿಕ್ಕ ಒಂದು ಮಡಿಸಿದ ಹಾಳೆ ಮಾತ್ರ ಅವಳ ಕೈಯಲ್ಲೇ ಉಳಿದಿತ್ತು.

"ಖಾಲಾ, ಒಂದು ಕೇಳ್ಲೇನು?"

ಮಡಿಕೆಯ ಹೊರಗೆ ನೀಲಿ ಅಂಚು ಕಾಣುತ್ತಿತ್ತು. ಆ ಅಂಚನ್ನು ನಜ್ಮಾ ಎಲ್ಲಿದ್ದರೂ ಗುರುತಿಸುತ್ತಿದ್ದಳು.

"ಆಮ್ಯಾಲೆ ಬೇಟಾ. ಊದಿನಕಡ್ಡಿ ಎಲ್ಲಿಟ್ಟಾರ ನೋಡು, ಹೋಗು."

*

ಇದೇ ವರ್ಷದ ಜೂನ್ ತಿಂಗಳ ಒಂದು ಮಧ್ಯಾಹ್ನ. ಹಾವೇರಿಯ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಜ್ಮಾ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಬಿ.ಎ. ಮುಗಿಸಿ ಒಂಬತ್ತು ವರ್ಷದಿಂದ ಅದೇ ಕುರ್ಚಿ. ಅರ್ಜಿ, ಅಫಿಡವಿಟ್ಟು, ಆಮೇಲೆ ರೆಸ್ಯೂಮ್. ಈಗೀಗ ರೆಸ್ಯೂಮೇ ಹೆಚ್ಚು. ಚೆನ್ನಾಗಿ ಮಾಡುತ್ತಾಳೆಂದು ರಾಣೆಬೆನ್ನೂರು, ಬ್ಯಾಡಗಿಯಿಂದಲೂ ಹುಡುಗರು ಬರುತ್ತಿದ್ದರು.

ಕುಲ್ಸುಮಬಿ ಬುರ್ಖಾದ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು ಫೋನಿಗೆ ಬಂದಿದ್ದ ಜಾಹೀರಾತನ್ನು ಮುಂದೆ ಹಿಡಿದಳು. ಓದಲು ಅವಳಿಗೆ ಬರುತ್ತಿರಲಿಲ್ಲ, ಮಗಳು ಓದಿ ಹೇಳಿದ್ದಳು. ಬೀಜದ ಕಂಪನಿಗೆ ಕ್ರಾಸಿಂಗ್ ಕಲಿಸುವವರು ಬೇಕು, ರಾಣೆಬೆನ್ನೂರಿನ ಆಫೀಸಿಗೆ ರೆಸ್ಯೂಮ್ ತೆಗೆದುಕೊಂಡು ಬರಬೇಕು.

"ತಿಂಗಳಾ ಪಗಾರಂತ, ವರ್ಷಪೂರ್ತಿ. ಸುಮಯ್ಯಾನ್ನ ಹಾವೇರಿ ಶಾಲಿಗೆ ಹಾಕ್ತೇನಿ, ನಿನ್ನ ಮನ್ಯಾಗ ಇರ್ತಾಳ. ಹೋದ ಸುಗ್ಯಾಗ ಹೊಲಕ್ಕ ಬರ್ತೇನಿ ಅಂತ ಹಟಾ ಹಿಡಿದಿದ್ಲು. ಆಕಿ ಉಗುರು ಬೆಳಸಬಾರದು ನೋಡು. ಅದೊಂದ ನನಗ."

ನಜ್ಮಾ ತನ್ನ ಎಂದಿನ ನೀಲಿ ಅಂಚಿನ ನಮೂನೆ ತೆರೆದಳು. ಅಕ್ಕನ ಹಿಂದೆ ವಿದ್ಯಾರ್ಥಿವೇತನದ ಅರ್ಜಿ ಹಿಡಿದ ಎಂಟು ಜನ ನಿಂತಿದ್ದರು.

"ಎಲ್ಲೆಲ್ಲಿ ಕೆಲಸಾ ಮಾಡಿದಿ ಆಪಾ? ಕಂಪನಿ ಹೆಸರು ಹೇಳು."

"ಕಂಪನಿ ಎಲ್ಲೀದು? ರೈತರ ಹೊಲದಾಗ. ವರ್ಷಾ ಒಬ್ಬೊಬ್ಬರದು."

"ಸರ್ಟಿಫಿಕೇಟ್? ಲೆಟರ್? ಏನರ ಐತೇನು ಕೈಯಾಗ?"

ಕುಲ್ಸುಮಬಿ ನಕ್ಕು ಹೆಬ್ಬೆರಳು ಎತ್ತಿ ತೋರಿಸಿದಳು.

"ಚಾಷ್ಟಿ ಬ್ಯಾಡ ಆಪಾ, ಹಿಂದ ಮಂದಿ ನಿಂತಾರ."

ಪುರಾವೆ ಇಲ್ಲದ್ದನ್ನು ಬರೆದರೆ ಕೇಳುತ್ತಾರೆ. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ. ನಜ್ಮಾಳ ಬೆರಳು ರೂಢಿಯ ಮೇಲೆ ಇಂಗ್ಲಿಷಿನಲ್ಲಿ ಓಡಿತು. ಅನುಭವ: ನಿಲ್. ಮೇಲೆ, ಹೆಸರಿನ ಕೆಳಗೆ: ಫ್ರೆಶರ್.

"ಅದೇನು ಬರದಿ?"

"ಫ್ರೆಶರ್. ಹೊಸಬರು ಅಂತ. ಎಲ್ಲಾರಿಗೂ ಹಂಗ ಬರೀತಾರ."

"ನಲವತ್ತೊಂದಕ್ಕ ಹೊಸಬಳಾದೆ ನೋಡು," ಅಂದಳು ಕುಲ್ಸುಮಬಿ. "ಹೊಸಾ ಸೊಸಿ ಹಂಗ ನಾಚಕೋತ ಹೋಗ್ತೇನಿ ಬಿಡು." ಪ್ರಿಂಟು ಬಿಸಿಯಾಗಿ ಹೊರಬಂದಾಗ ಅಂಚಿನ ಮೇಲೆ ಬೆರಳಾಡಿಸಿದಳು. "ಚಂದ ಐತಿ. ಸೀರಿ ಅಂಚಿನಂಗ ಐತಿ."

ವಾರ ಕಳೆದ ಮೇಲೆ ಏನಾಯಿತೆಂದು ಕೇಳಿದರೆ, ಬೇರೆಯವರನ್ನ ತಗೊಂಡರಂತ ಎಂದಷ್ಟೇ ಹೇಳಿದ್ದಳು.

*

ಕುಲ್ಸುಮಬಿಯನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಪಡಸಾಲೆಯಲ್ಲಿ ಮಲಗಿಸಿದ್ದರು. ಮಧ್ಯಾಹ್ನದ ನಮಾಜಿಗೆ ಇನ್ನೂ ಹೊತ್ತಿತ್ತು. ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದ ಮನೆಯ ಶಾರದವ್ವ, ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಕುಲ್ಸುಮಬಿಯ ಜೊತೆ ಮೊಗ್ಗು ಸುಲಿದವಳು, ಅಳುವುದನ್ನು ಬಿಟ್ಟು ಬೈಯತೊಡಗಿದ್ದಳು.

"ಆ ರಾಣೆಬೆನ್ನೂರ ಆಫೀಸಿಗೆ ಹೋಗಿ ಬಂದ ದಿನದಿಂದ ಆಕಿ ಮೊದಲಿನಂಗ ಇರಲಿಲ್ಲ. ಜೋಡಿಲೆ ನಾನ ಹೋಗಿದ್ದೆ. ಒಳಗ ಕುರ್ಚಿ ಮ್ಯಾಲೆ ಯಾರು ಕುಂತಿದ್ದ ಅಂತೀರಿ? ಮಧು ಸಾಹೇಬ."

"ಯಾವ ಮಧು?" ಅಂದಳು ಬೇನಜೀರ.

"ನಮ್ಮ ಹೊಲಕ್ಕ ಬರ್ತಿದ್ನಲ್ಲ, ಕಂಪನ್ಯಾಂವ. ಹೊಸದಾಗಿ ಬಂದಾಗ ನಾಳೆ ಅರಳೂ ಮೊಗ್ಗು ಯಾವುದು, ನಾಡದ ಅರಳೂದು ಯಾವುದು, ತಿಳೀತಿರಲಿಲ್ಲ ಆ ಪ್ರಾಣಿಗೆ. ಕುಲ್ಸುಮವ್ವ ಅವನ ಬೆರಳು ಹಿಡದು ಕಲಿಸಿದ್ಲು. ಅಂಗನವಾಡಿ ಕೂಸಿಗೆ ತಿದ್ದಿಸಿದಂಗ."

ನಜ್ಮಾ ಮುಂದಕ್ಕೆ ಬಾಗಿದಳು. "ಅವನ ಇದ್ದನಂದ್ರ ಮತ್ತ ಯಾಕ ಕೊಡಲಿಲ್ಲ?"

"ಕಾಗದ ನೋಡಿದ. ನೋಡಿ ಏನಂದ ಗೊತ್ತೇನು? 'ಅಕ್ಕಾರ, ಅನುಭವ ಇಲ್ಲಂತ ನೀವ ಬರಸ್ಕೊಂಡು ಬಂದೀರಿ, ಮ್ಯಾಲಿನವರಿಗೆ ನಾ ಏನ್ ಹೇಳ್ಲಿ?' ಆಕಿ ಕಾಗದ ಮಡಚಿ ಇಟ್ಕೊಂಡ್ಲು. ಹೊರಗ ಬಂದು ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಕೊಡಸಿದ್ಲು ನನಗ. ತಾ ತಿನ್ನಲಿಲ್ಲ."

"ಹಂಗ ಬರದು ಕೊಟ್ಟವರರ ಯಾರು?" ಅಂದಳು ಬೇನಜೀರ.

"ಎಷ್ಟ ಕೇಳಿದ್ರೂ ಬಾಯಿ ಬಿಡಲಿಲ್ಲ. ಪ್ಯಾಟಿಯೊಳಗ ಯಾರೋ ಒಬ್ರು ಅಂದ್ಲು." ಶಾರದವ್ವ ಮೂಗು ಸೆರಗಿಗೆ ಒರೆಸಿದಳು. "ಆ ಕೈಗೆ ಹುಳಾ ಬೀಳ್ಲಿ."

ನಜ್ಮಾ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಎದುರಿನ ಕಂಬದ ಬಳಿ ಸುಮಯ್ಯಾ ಕುಳಿತಿದ್ದಳು. ಹಾಳೆಯನ್ನು ಬಿಡಿಸಿ, ತುಟಿ ಅಲ್ಲಾಡಿಸುತ್ತ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ಎನ್, ಐ, ಎಲ್. ತಲೆ ಎತ್ತಿ ಬಾಯಿ ತೆರೆದಳು.

"ಸುಮಯ್ಯಾ, ಅಬ್ಬಾಗ ಚಾ ಕೊಟ್ಟು ಬಾ," ಅಂದಳು ನಜ್ಮಾ. ದನಿ ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

ಹುಡುಗಿ ಎದ್ದು ಹೋದಳು. ನಜ್ಮಾಳ ಎದೆಯೊಳಗೆ ಸಿಟ್ಟು ಕುದಿಯತೊಡಗಿತು. ಮಧು. ಬೆರಳು ಹಿಡಿಸಿಕೊಂಡು ಕಲಿತವನು. ಎದುರಿಗೆ ಕೂತವಳು ಯಾರೆಂದು ಗೊತ್ತಿದ್ದೂ ಕಾಗದ ಓದಿ ಹೇಳಿದವನು. ಅವನ ಹೆಸರನ್ನೇ ಮತ್ತೆ ಮತ್ತೆ ಅಂದುಕೊಂಡಳು. ಅದನ್ನು ಬಿಟ್ಟರೆ ಇನ್ನೊಂದು ಹೆಸರು ಬಾಯಿಗೆ ಬರುತ್ತಿತ್ತು.

*

ಆ ಜೂನಿಗೂ ಮೂರು ವರ್ಷ ಮೊದಲು ಮಧು ಅದೇ ಅಂಗಡಿಗೆ ಬಂದಿದ್ದ. ಇಸ್ತ್ರಿಯ ಅಂಗಿ, ಕೊರಳಲ್ಲಿ ಕಂಪನಿಯ ಕಾರ್ಡು. ಮೇಲಿನ ಹುದ್ದೆಗೆ ಅರ್ಜಿ ಹಾಕಬೇಕಿತ್ತು.

"ಏನ್ ಬರಸ್ಲಿ ಮೇಡಂ? ಹೊಲದ ಬದುವಿನ ಮ್ಯಾಲೆ ಛತ್ರಿ ಹಿಡಕೊಂಡು ನಿಂತಿರ್ತೇನಿ."

ನಜ್ಮಾ ನಕ್ಕಿದ್ದಳು. "ನಿಂತಿರ್ತೇನಿ ಅಂತ ಬರದ್ರ ಯಾರು ತಗೋತಾರ್ರಿ? ಏನ್ ಮಾಡಿಸಿದ್ರಿ, ಎಷ್ಟು ಮಂದಿಗೆ, ಅದನ್ನ ಬರೀಬೇಕು. ಅಂಕಿ ಇದ್ರ ಕಣ್ಣು ಅಲ್ಲೇ ನಿಲ್ತಾವ. ಎಷ್ಟು ಹೆಣ್ಮಕ್ಕಳು ಕಲತಾರ ನಿಮ್ಮ ಕಡೆ?"

"ಇನ್ನೂರ ಮ್ಯಾಲೆ ಆಗ್ತಾರ. ಆದ್ರ ಕಲಿಸಿದಾಂವ ನಾ ಅಲ್ಲರಿ. ಕರ್ಜಗಿ ಕುಲ್ಸುಮಬಿ ಅಂತ ಒಬ್ರು ಅದಾರ, ಅವರು ಕಲಿಸ್ಯಾರ. ನನಗೂ ಅವರ ಕಲಿಸಿದ್ದು."

"ನಮ್ಮ ಅಕ್ಕ," ಅಂದಿದ್ದಳು ನಜ್ಮಾ ಹೆಮ್ಮೆಯಿಂದ.

ಮಧು ಮುಜುಗರಪಟ್ಟುಕೊಂಡ. "ಹಂಗಾದ್ರ ಬ್ಯಾಡ ಬಿಡ್ರಿ."

"ಯಾಕ ಬ್ಯಾಡ? ನೀವು ಅಲ್ಲೇ ಇದ್ರಿ ಹೌದಲ್ಲ? ಬರೀತೇನಿ. ಆಕಿ ಏನೂ ಅನಕೊಳ್ಳೂದಿಲ್ಲ. ಆಕಿಗೆ ರೆಸ್ಯೂಮ್ ಎದಕ್ಕ ಬೇಕು?"

ಇನ್ನೂರಕ್ಕೂ ಹೆಚ್ಚು ಮಹಿಳೆಯರಿಗೆ ಕ್ರಾಸಿಂಗ್ ತರಬೇತಿ ನೀಡಿದ್ದಾರೆ ಎಂದು ಟೈಪು ಮಾಡಿ, ಸಾಲನ್ನು ದಪ್ಪಕ್ಷರಕ್ಕೆ ತಂದು, ಸುತ್ತ ನೀಲಿ ಅಂಚು ಹಾಕಿದ್ದಳು.

*

ಜನಾಜಾ ಎತ್ತಿದರು. ಮುಂದಿನ ಕೊಂಬಿಗೆ ಮೌಲಾಸಾಬ ಹೆಗಲು ಕೊಟ್ಟ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಕೆಂಪಾದ ಅಂಗಿಯನ್ನೇ ಹಾಕಿಕೊಂಡಿದ್ದ, ಬೇರೆ ಹಾಕಿಕೊಳ್ಳೆಂದು ಹೇಳುವವಳೇ ಜನಾಜಾದ ಮೇಲೆ ಮಲಗಿದ್ದಳು. ಗಂಡಸರ ಸಾಲು ಮಸೀದಿಯ ತಿರುವಿನಲ್ಲಿ ಮರೆಯಾಯಿತು. ಹೆಂಗಸರು ಬಾಗಿಲಲ್ಲೇ ಉಳಿದರು.

ಆಗ ಬೈಕು ನಿಲ್ಲಿಸಿ ಮಧು ಇಳಿದ. ಕೈಯಲ್ಲಿ ಚೆಂಡುಹೂವಿನ ಹಾರ. ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

"ತಡಾ ಆತು," ಅಂದ.

"ಹೊಲಕ್ಕ ಹೋಗಿದ್ರೇನು ಸಾಹೇಬ್ರ?" ಅಂದಳು ಶಾರದವ್ವ.

"ಹೌದ್ರಿ. ಬೆಳಿಗ್ಗಿಂದ ಯಾರೂ ಇಳದಿಲ್ಲಂತ ರೈತರು ಫೋನ್ ಮಾಡಿದ್ರು. ನಿನ್ನೆ ಸುಲದಿದ್ದು ಎಲ್ಲಾ ಹಂಗ..."

"ನೀವ ಇಳೀಬೇಕಿತ್ತಲ್ಲ. ಎಂಟು ವರ್ಷ ಅನುಭವ ಐತಿ ನಿಮಗ."

ಮಧು ತಲೆ ತಗ್ಗಿಸಿದ. ನಜ್ಮಾ ಮೆಟ್ಟಿಲಿಳಿದು ಅವನ ಎದುರಿಗೆ ಬಂದಳು.

"ಆಕಿಗೆ ಅನುಭವ ಇಲ್ಲ ಅನ್ನಾಕ ನಾಲಿಗಿ ಹೆಂಗ ಹೊಳ್ಳಿತು ನಿಮಗ?"

"ನಾ ಅನ್ನಲಿಲ್ಲರಿ. ಕಾಗದದಾಗ ಇತ್ತು."

"ಕಾಗದ ಸುಳ್ಳು ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು." ಮಧು ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಉದುರಿದ ಎಸಳು ಬೂಟಿನ ಮೇಲೆ ಬಿದ್ದವು. "ಅವರ ಕಾಗದ ಸುಳ್ಳು ಅಂದ್ರ ನಂದೂ ಸುಳ್ಳು ಅನ್ನಬೇಕಾಗ್ತಿತ್ತು. ಅಷ್ಟು ಧೈರ್ಯ ಆಗಲಿಲ್ಲ ನನಗ. ನಿಮಗ ಗೊತ್ತಲ್ಲರಿ ಮೇಡಂ. ನೀಲಿ ಅಂಚು ನೋಡಿದ ಕೂಡ್ಲೆ ನನಗ..."

ಹೆಂಗಸರತ್ತ ನೋಡಿ ಮಾತು ನಿಲ್ಲಿಸಿದ. ಶಾರದವ್ವನ ಕಣ್ಣು ಅವನ ಮುಖದಿಂದ ನಿಧಾನವಾಗಿ ನಜ್ಮಾಳ ಮುಖಕ್ಕೆ ಬಂತು.

ಸುಮಯ್ಯಾ ಇಬ್ಬರ ನಡುವೆ ಬಂದು ನಿಂತಳು. ಈ ಸಲ ಅವಳನ್ನು ಊದಿನಕಡ್ಡಿಗೂ ಚಹಾಕ್ಕೂ ಕಳಿಸಲು ನಜ್ಮಾಳ ಬಾಯಿಗೆ ಏನೂ ಬರಲಿಲ್ಲ. ಹುಡುಗಿ ಹಾಳೆಯನ್ನು ಬಿಡಿಸಿ, ಮಡಿಕೆಗಳನ್ನು ಅಂಗೈಯಿಂದ ತೀಡಿ, ಖಾಲಾಳ ಕಣ್ಣಿಗೆ ನೇರ ಹಿಡಿದಳು. ಬಲಗೈ ಹೆಬ್ಬೆರಳನ್ನು ಆ ಪದದ ಕೆಳಗೆ ಊರಿದಳು. ಹೆಬ್ಬೆರಳಿನ ಉಗುರು ಬೆಳೆದಿತ್ತು. ತುದಿ ದುಂಡಗೆ ಸವೆದು, ಆಗಲೇ ಹಳದಿಗೆ ತಿರುಗಿತ್ತು.

"ಖಾಲಾ, ಇಲ್ಲಿ ನಿಲ್ ಅಂತ ಬರದವರು ಯಾರು?"